ಮಾತ್ರೆ ಮುಟ್ಟದ ಮಾವ

ಸೊಸೆಗೆ ಬೇಕಾಗಿದ್ದದ್ದು ಒಂದು ಸೀಸೆ ಚೊಕ್ಕ ಮೂತ್ರ. ಯಾವ ಔಷಧವನ್ನೂ ನುಂಗದ ಮನುಷ್ಯನದು. ಅವಳ ಪ್ರಯೋಗಾಲಯದಲ್ಲಿ ಹೊಸ ವಿಧಾನವೊಂದನ್ನು ಪಳಗಿಸುತ್ತಿದ್ದರು. ಎಣ್ಣೆ ಹೀರಿದ ತೆಳ್ಳನೆಯ ಪೊರೆ. ಅದರ ಈಚೆ ಮೂತ್ರ, ಆಚೆ ತಿಳಿಯಾದ ಆಮ್ಲದ ನೀರು. ಎರಡೂ ಕಡೆ ತಂತಿ ಇಳಿಬಿಟ್ಟು ವಿದ್ಯುತ್ ಕೊಟ್ಟರೆ ಔಷಧದ ಕಣಗಳು ಪೊರೆ ದಾಟಿ ಆಚೆ ಬರುತ್ತವೆ, ಕಸವೆಲ್ಲ ಈಚೆಯೇ ಉಳಿಯುತ್ತದೆ. ಆಚೆಯ ನೀರನ್ನು ಯಂತ್ರಕ್ಕೆ ಹಾಕಿದರೆ ಔಷಧವಿದ್ದಲ್ಲಿ ಪರದೆಯ ಮೇಲೆ ಗೆರೆ ಎದ್ದು ನಿಲ್ಲುತ್ತದೆ, ಇಲ್ಲದಿದ್ದರೆ ಮಲಗಿರುತ್ತದೆ. ಮಲಗಿದ ಗೆರೆಯನ್ನು ಮೊದಲು ತೋರಿಸು ಎಂದು ಮುಖ್ಯಸ್ಥೆ ಪಟ್ಟು ಹಿಡಿದಿದ್ದರು.

"ನನ್ನದು ತಗೋ," ಎಂದು ಮಾವ ಎದೆ ಸೆಟೆಸಿದರು. ನಿವೃತ್ತ ವ್ಯಾಯಾಮ ಶಿಕ್ಷಕರು. "ಹುಟ್ಟಿದಾಗಿನಿಂದ ಒಂದು ಮಾತ್ರೆ ಮುಟ್ಟಿದವನಲ್ಲ. ಇಂಥ ಸಾಮಾನು ಊರೆಲ್ಲ ಹುಡುಕಿದ್ರೂ ನಿಂಗೆ ಸಿಗಲ್ಲ."

ಸೊಸೆ ನಂಬಿದಳು. ರಕ್ತದೊತ್ತಡಕ್ಕೆಂದು ವೈದ್ಯರು ಬರೆದುಕೊಟ್ಟ ಚೀಟಿಯನ್ನು ಅವರು ಎಲ್ಲರೆದುರೇ ಹರಿದು ಕಸದ ಬುಟ್ಟಿಗೆ ಎಸೆದದ್ದನ್ನು ಕಣ್ಣಾರೆ ಕಂಡಿದ್ದಳು. ಈಚೆಗೆ ಎದ್ದು ನಿಂತರೆ ತಲೆ ಸುತ್ತಿ ಗೋಡೆ ಹಿಡಿಯುತ್ತಿದ್ದರು. ಅದಕ್ಕೂ ಮಾತ್ರೆ ಬೇಡವೆಂದೇ ಹಟ.

ಆದರೆ ಪರದೆಯ ಮೇಲೆ ಗೆರೆ ಗೋಪುರದಂತೆ ಎದ್ದು ನಿಂತಿತು.

"ಪಾತ್ರೆ ನೆಟ್ಟಗೆ ತೊಳೆದಿಲ್ಲ ನೀನು," ಎಂದರು ಮುಖ್ಯಸ್ಥೆ.

ಸೊಸೆ ತೊಳೆದಳು, ತಂತಿ ಉಜ್ಜಿದಳು, ಎಣ್ಣೆ, ಪೊರೆ ಎರಡನ್ನೂ ಬದಲಿಸಿದಳು. ಮತ್ತೆ ಅದೇ ಗೋಪುರ. ಕೊನೆಗೆ ತಾಳ್ಮೆಗೆಟ್ಟ ಮುಖ್ಯಸ್ಥೆ ತಾವೇ ಒಂದು ಸೀಸೆ ಹಿಡಿದು ಶೌಚಾಲಯಕ್ಕೆ ಹೋಗಿ ಬಂದರು. ಈ ಸಲ ಗೆರೆ ಹಾಯಾಗಿ ಮಲಗಿತು.

"ಯಂತ್ರದಲ್ಲಿ ಐಬಿಲ್ಲ. ಗೆರೆ ಎದ್ದ ಜಾಗ ನೋಡಿದ್ರೆ ಇದು ಬಿಪಿ ಮಾತ್ರೆ. ಹೋಗಿ ನಿಮ್ಮ ಮಾವನ್ನೇ ಕೇಳು."

ಸಂಜೆ ಸೊಸೆ ಮೆಲ್ಲಗೆ ವಿಷಯ ತೆಗೆದಳು.

"ನನ್ನಲ್ಲಿ ಮಾತ್ರೆನಾ? ನಿನ್ನ ಕರೆಂಟಿಗೆ ತಲೆ ಕೆಟ್ಟಿದೆ!" ಮಾವ ಗುಡುಗಿದರು. ಕಿವಿ ಮಾತ್ರ ಕೆಂಪಾಗಿತ್ತು.

ಅಡುಗೆಮನೆಯಲ್ಲಿ ಮುಚ್ಚಳವೊಂದು ಬಿದ್ದು ಗಿರಗಿರನೆ ತಿರುಗಿತು. ಅದರ ಹಿಂದೆಯೇ ಅತ್ತೆ ಹೊರಗೆ ಬಂದರು.

"ಅವಳನ್ನ ಯಾಕ್ರೀ ಬೈತೀರಾ? ನಾನೇ ಹಾಕ್ತಿದ್ದೆ. ಬುಟ್ಟಿಯಿಂದ ಚೀಟಿ ಆಯ್ದು, ಅಂಟಿಸಿ, ಮಾತ್ರೆ ತಂದೆ. ದಿನಾ ಬೆಳಗ್ಗೆ ಪುಡಿ ಮಾಡಿ ನಿಮ್ಮ ಕಾಫಿಗೆ ಬೆರೆಸ್ತೀನಿ."

ಇನ್ನು ಮನೆ ಹಾರಿಹೋಗುತ್ತದೆ ಎಂದುಕೊಂಡಳು ಸೊಸೆ. ಮಾವ ಕೂಗಾಡಲಿಲ್ಲ. ಕೈಯಲ್ಲಿದ್ದ ಕಾಫಿ ಲೋಟವನ್ನು ಹಾವಿನಮರಿಯೇನೋ ಎಂಬಂತೆ ದೂರ ಸರಿಸಿದರು.

"ಅಯ್ಯೋ, ನಾನೂ ತಗೋತಿದ್ದೀನಲ್ಲೇ!"

ಚೀಟಿ ಹರಿದ ರಾತ್ರಿ ಅವರಿಗೆ ಭಯದಿಂದ ನಿದ್ದೆಯೇ ಬಂದಿರಲಿಲ್ಲವಂತೆ. ಮರುದಿನ ಕಳ್ಳನ ಹಾಗೆ ವೈದ್ಯರಲ್ಲಿಗೆ ಹೋಗಿ ಇನ್ನೊಂದು ಚೀಟಿ ಬರೆಸಿಕೊಂಡಿದ್ದರು. ಅಂದಿನಿಂದ ಮಾತ್ರೆಗಳು ಹಳೆಯ ಬೂಟಿನೊಳಗೆ ಅಡಗಿದ್ದವು.

"ಅಂದ್ರೆ ದಿನಾ ಎರಡು ಪಾಲು!" ಸೊಸೆ ಚೀರಿದಳು. "ತಲೆ ಸುತ್ತದೆ ಇನ್ನೇನು ಮಾಡುತ್ತೆ ಮಾವ? ಏಳಿ, ಈಗಲೇ ಡಾಕ್ಟರ ಹತ್ರ ಹೋಗೋಣ. ಮೆಲ್ಲಗೆ ಏಳಿ!"

ಅತ್ತೆ ಅಳತೊಡಗಿದರು. "ನಾನೇ ನಿಮ್ಮನ್ನ ಕೊಲ್ತಿದ್ದೆನಲ್ರೀ."

"ಅಳಬೇಡ್ವೇ," ಮಾವ ಅವರ ಭುಜ ಹಿಡಿದುಕೊಂಡರು, ಸಮಾಧಾನಕ್ಕೆ ಸ್ವಲ್ಪ, ಬೀಳದಿರಲು ಸ್ವಲ್ಪ. "ಅರ್ಧ ಕೊಲೆ ನಂದೂ ಇದೆ."

ವೈದ್ಯರು ಒತ್ತಡ ಅಳೆದು, ಅದು ಪಾತಾಳಕ್ಕಿಳಿದಿದೆಯೆಂದು ಇಬ್ಬರಿಗೂ ಚೆನ್ನಾಗಿ ಬೈದರು. ಆಮೇಲೆ ಕಿಟಕಿ ಕಡೆ ತಿರುಗಿ ಬೆನ್ನು ಅಲುಗುವಷ್ಟು ನಕ್ಕರು. ಸ್ವಲ್ಪ ದಿನ ಏನೂ ಬೇಡ, ಆಮೇಲೆ ಒಂದೇ ಮಾತ್ರೆ, ಒಬ್ಬರ ಕೈಯಿಂದ ಮಾತ್ರ ಎಂದರು.

ತಲೆಸುತ್ತು ನಿಂತಿತು. ಪ್ರಯೋಗಾಲಯದಲ್ಲಿ ಯಾರೂ ಬೆರೆಸದ ಔಷಧವನ್ನೂ ತಮ್ಮ ವಿಧಾನ ಹಿಡಿದುಕೊಟ್ಟಿತೆಂದು ಮುಖ್ಯಸ್ಥೆ ಹಿಗ್ಗಿದರು.

ಮಾತ್ರೆ ಮತ್ತೆ ಶುರುವಾದ ಬೆಳಗ್ಗೆ ಮನೆಯಲ್ಲಿ ಹೊಸ ಜಗಳ: ಯಾರ ದಾಸ್ತಾನು ಮೊದಲು ಮುಗಿಯಬೇಕು?

"ನನ್ನದೇ ಆಗಬೇಕು," ಎಂದರು ಅತ್ತೆ. "ನಿಮ್ಮದು ಬೂಟಿನ ನಾತ ಹೊಡೆಯುತ್ತೆ."

ಮಾವ ಒಮ್ಮೆ ಮೂಸಿ ನೋಡಿದರು. ಅತ್ತೆಯ ಮುಂದೆ ಅಂಗೈ ಚಾಚಿದರು.