ಗಂಟು ಬಿಗಿದ ಉಡಿ

ನನ್ನ ಹೆಂಡತಿ ಭಾಗ್ಯಜ್ಯೋತಿ ಪಂಚಾಯಿತಿಯ ಕಸದ ಗಾಡಿ ಓಡಿಸುತ್ತಾಳೆ. ನಾನು ಶಹಾಬಾದಿನ ಫರ್ಸಿ ಅಂಗಡಿಯಲ್ಲಿ ಕಲ್ಲು ಹೊರುತ್ತೇನೆ. ಕಲ್ಲು ಹೊರುವುದು ಸುಲಭ. ಮನೆಯಲ್ಲಿ ಅವ್ವ ಮತ್ತು ಹೆಂಡತಿಯ ನಡುವೆ ಬಾಯಿ ಮುಚ್ಚಿಕೊಂಡಿರುವುದೇ ಕಷ್ಟ.

ಜಗಳದ ಮೂಲ ನಮ್ಮೂರಿನ ಕಾಗಿಣಾ ಹೊಳೆ. ಅಮಾವಾಸ್ಯೆ ಬಂತೆಂದರೆ ಹೆಂಗಸರು ಹೊಳೆಯ ಗಂಗವ್ವನಿಗೆ ಉಡಿ ತುಂಬುತ್ತಾರೆ: ಅಕ್ಕಿ, ಅರಿಸಿನದ ಬೇರು, ಬಳೆ, ಕುಪ್ಪಸದ ಖಣ. ಹಿಂದೆ ಬಿಡಿಯಾಗಿಯೇ ನೀರಿಗೆ ಬಿಡುತ್ತಿದ್ದರಂತೆ. ಈಗ ಎಲ್ಲವನ್ನೂ ಕ್ಯಾರಿಬ್ಯಾಗಿಗೆ ತುಂಬಿ, ಗಂಟು ಬಿಗಿದು ಎಸೆಯುತ್ತಾರೆ. ಒಂದು ಕಾಳೂ ಚೆಲ್ಲಬಾರದಲ್ಲ! ಮರುದಿನ ನನ್ನಾಕೆ ಕೊಕ್ಕೆ ಹಿಡಿದು ಅವನ್ನೆಲ್ಲ ಎಳೆದು ಗಾಡಿಗೆ ಹಾಕುತ್ತಾಳೆ. ಹೀಗಾಗಿ ಉಡಿ ತುಂಬಿದ್ದು ಗಂಗವ್ವನಿಗೋ ಪಂಚಾಯಿತಿಗೋ ಹೇಳುವುದು ಕಷ್ಟ.

ಹೋದ ವರ್ಷ ಅವಳಿಗೆ ಗರ್ಭ ನಿಲ್ಲಲಿಲ್ಲ. ಈಗ ಮತ್ತೆ ಬಸುರಿ. ಮೊನ್ನೆ ಅಮಾವಾಸ್ಯೆಗೆ ಅವ್ವ ಉಡಿಯ ಚೀಲ ಹಿಡಿದು ಹೊಳೆಗೆ ಹೊರಟಳು. ಭಾಗ್ಯಜ್ಯೋತಿ ಹೊಳೆಯ ಮೆಟ್ಟಿಲಿಗೆ ಅಡ್ಡ ನಿಂತಳು. ತೆಂಗಿನಕಾಯಿ ಹಿಡಿದ ನಾನು ಇಬ್ಬರ ಹಿಂದೆ.

"ಅತ್ತಿ, ಚೀಲ ನೀರಾಗ ಬಿಡಬ್ಯಾಡ್ರಿ."

"ಸರಿ ಅತ್ಲಾಗ. ಹೋದ ವರ್ಷ ನಾ ಬಿಟ್ಟ ಉಡಿ ನೀನೇ ಎಳದು ಕಸದಾಗ ಹಾಕಿದಿ. ಅದಕ್ಕೇ ಕೂಸು ಉಳೀಲಿಲ್ಲ."

ಮನೆಯಲ್ಲಿ ಇಷ್ಟು ದಿನ ಯಾರೂ ಆಡದೆ ನುಂಗಿಕೊಂಡಿದ್ದ ಮಾತು. ನನಗೆ ಭಾಳ ಸಿಟ್ಟು ಬಂತು, ತೆಂಗಿನಕಾಯಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದೆ.

ಭಾಗ್ಯಜ್ಯೋತಿ ಕೂಗಾಡಲಿಲ್ಲ. "ಎಳದೀನಿ, ಖರೆ ಅದರಿ. ಗಂಟು ಹಾಕಿದ್ದು ಹಾಕಿದಂಗೇ ಇತ್ತು. ಉಡಿ ಅಂದ್ರ ಸೆರಗು ಒಡ್ಡಿದಾಗ ಸುರಿಯೋದಲ್ರಿ? ಗಂಟು ಬಿಗಿದು ಯಾರ ಉಡಿ ತುಂಬ್ತಾರ?"

ಮಾತಿಗೆ ಮಾತು ಕೊಡುವುದರಲ್ಲಿ ಅವ್ವನನ್ನು ಮೀರಿಸಿದವರಿಲ್ಲ. ಆದರೆ ಆ ದಿನ ಅವಳು ನೀರಿನ ಅಂಚಿಗೆ ಇಳಿದಳು. ಹಲ್ಲಿನಿಂದ ಗಂಟು ಬಿಡಿಸಿ ಒಂದು ಹಿಡಿ ಅಕ್ಕಿ ನೀರಿಗೆ ಬಿಟ್ಟಳು. ಮೀನು ಮುತ್ತಿದವು. ಬಳೆ, ಖಣ ಕೈಯಲ್ಲೇ ಉಳಿದವು.

"ಇವನ್ನೇನು ಮಾಡ್ಲಿ?"

"ಗಂಗವ್ವಗ ತಪ್ಪದಂಗ ತುಂಬಲಿಕತ್ತೀರಿ ಅತ್ತಿ. ಕೂಸು ಹೋದ ಮ್ಯಾಲ ನನ್ನ ಉಡಿ ಒಬ್ಬರೂ ತುಂಬಿಲ್ರಿ."

ಅವ್ವ ಒದ್ದೆ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟಳು. ಬಳೆ, ಖಣ ಮಡಿಲಲ್ಲಿಟ್ಟುಕೊಂಡು, "ಬಾ ಇಲ್ಲಿ. ಸೆರಗು ಒಡ್ಡು, ನನ್ನವ್ವ" ಎಂದಳು.

ಭಾಗ್ಯಜ್ಯೋತಿ ಸೀರೆಯ ಮೇಲಿನ ಪಂಚಾಯಿತಿ ಕೋಟು ಕಳಚಿ ನನ್ನ ಕೈಗೆ ಕೊಟ್ಟಳು.