ಕೇಳದೆ ತಂದ ಬೀಜ

"ತಲೆ ಕಡೆ ಸ್ವಲ್ಪ ಎತ್ತಿ, ತಲೆ ಕಡೆ," ಎಂದು ರೆನಾತೊ ಮಾಮ ಹೇಳುತ್ತಿದ್ದ. ಅವನ ಅಕ್ಕ ಸುನಿಲ್ಡಾಳ ಶವಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಬೆಟ್ಟದ ಲಿಫ್ಟು ಕೆಟ್ಟು ನಿಂತು ವರ್ಷವಾಗಿತ್ತು, ಶವದ ಗಾಡಿ ಮೇಲಕ್ಕೆ ಬರುವಂತಿರಲಿಲ್ಲ. ಕಡಲತಡಿಯ ವಾಲ್ಪರಾಯ್ಸೊದ ಬೆಟ್ಟಗಳಲ್ಲಿ ಬದುಕಿದವರಿಗೆ ಸತ್ತ ಮೇಲೂ ಮೆಟ್ಟಿಲು ತಪ್ಪಿದ್ದಲ್ಲ.

"ಸುನಿಲ್ಡಾ ಇಷ್ಟು ಭಾರ ಇರ್ಲಿಲ್ಲಪ್ಪ. ಅವಳ ಹೂವಿನ ಡಬ್ಬಿಗಳನ್ನೂ ಒಳಗಿಟ್ಟು ಮೊಳೆ ಹೊಡೆದಿದೀರೇನು?" ಎಂದ, ಹೆಗಲು ಕೊಟ್ಟಿದ್ದ ಬೇಕರಿಯ ಎಲಾದಿಯೊ. ಹೊತ್ತವರು ನಕ್ಕರು. ಹಿಂದೆ ಬರುತ್ತಿದ್ದ ಮಗಳು ಮಿರೆಯಾ ನಗಲಿಲ್ಲ. ಅವಳ ಕೈಯಲ್ಲಿ ಅಂಗಡಿಯಿಂದ ತಂದ ಬಿಳಿ ಲಿಲಿಗಳಿದ್ದವು. ಬದುಕಿಡೀ ಹೂ ಬೆಳೆದ ಅಮ್ಮನನ್ನು ಕೊಂಡು ತಂದ ಹೂವಿನಲ್ಲಿ ಕಳಿಸುವ ಹಾಗಾಯಿತಲ್ಲ ಎಂದು ಅವಳಿಗೆ ನಾಚಿಕೆಯಾಗಿತ್ತು.

ಸುನಿಲ್ಡಾ ಹೊಟ್ಟೆಪಾಡಿಗೆ ಹೋಟೆಲಿನ ಚಾದರಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಉಳಿದ ಹೊತ್ತೆಲ್ಲ ಮನೆಯ ಮುಂದಿನ ಜಗಲಿಯಲ್ಲಿ. ಎರಡು ಮಂಚ ಹಾಕಿದರೆ ಮುಗಿಯುವ ಜಾಗ ಅದು, ಅದರ ತುಂಬ ಗಿಡ ನೆಟ್ಟ ಎಣ್ಣೆಯ, ಬಣ್ಣದ ಹಳೆ ಡಬ್ಬಿಗಳು. ಯಾವ ಕಾಲಕ್ಕೆ ಯಾವ ಗಿಡ ಎನ್ನುವುದರಲ್ಲಿ ಮಾತ್ರ ಅವಳು ಯಾರ ಮಾತನ್ನೂ ಕೇಳಿದವಳಲ್ಲ. ಚಳಿಗಾಲದ ಮಳೆಗೆ ಪ್ಯಾನ್ಸಿ. ಬೇಸಿಗೆಯಲ್ಲಿ ದಕ್ಷಿಣದ ಗಾಳಿ ಎತ್ತರದ್ದನ್ನೆಲ್ಲ ಮುರಿದು ಹಾಕುತ್ತದೆಂದು ತಗ್ಗು ಡಬ್ಬಿಗಳಲ್ಲಿ ಪೆಟೂನಿಯಾ. ಮೇ ತಿಂಗಳಲ್ಲಿ, ದೊಡ್ಡ ಮಳೆ ಹಿಡಿಯುವ ಮುಂಚೆ, ಬಳ್ಳಿ ಹಬ್ಬಿಸಲು ಕಟ್ಟಿದ ತಂತಿಯುದ್ದಕ್ಕೂ ಕ್ಲಾರಿನ್ ಬೀಜ. ಕ್ಲಾರಿನ್ ಬಟಾಣಿ ಜಾತಿಯ ಬಳ್ಳಿ, ತಿನ್ನುವುದಕ್ಕಲ್ಲ, ಮೂಸುವುದಕ್ಕೆ. ಸುನಿಲ್ಡಾಳ ಕ್ಲಾರಿನ್ ದ್ರಾಕ್ಷಾರಸದ ಬಣ್ಣದ್ದು, ಅಂಚಿಗೆ ಬಿಳಿ ಗೆರೆ. ಅಂಥದ್ದು ಕೆಳಗಿನ ಪೇಟೆಯ ಯಾವ ಬೀಜದಂಗಡಿಯಲ್ಲೂ ಇರಲಿಲ್ಲ.

ಈ ವರ್ಷ ಮೇ ತಿಂಗಳಿಗೆ ಅವಳು ಹಾಸಿಗೆ ಹಿಡಿದಿದ್ದಳು. ಮಾಡು ಸೋರಿ ಬೀಜದ ಪೊಟ್ಟಣಗಳಿಗೆ ಬೂಸು ಬಂತು. ಈಗ ಡಿಸೆಂಬರಿನ ಬೇಸಿಗೆ ಬಿಸಿಲಲ್ಲಿ ಜಗಲಿಯ ತಂತಿ ಬರಿದಾಗಿತ್ತು.

ಹೊತ್ತವರು ದಣಿವಾರಿಸಿಕೊಳ್ಳಲು ಪೆಟ್ಟಿಗೆಯನ್ನು ಇಳಿಸಿದ್ದು ಕೆಳಗಡೆಯ ನೆರೆಯ ಹೆಂಗಸು ನೋಲ್ಫಾಳ ಮನೆಯೆದುರು. ಬೇರೆಲ್ಲೂ ಮೆಟ್ಟಿಲು ಅಷ್ಟು ಅಗಲವಿಲ್ಲ. ನೋಲ್ಫಾಳ ಗೋಡೆಯ ಮೇಲೆ ಅದೇ ಕ್ಲಾರಿನ್ ಹಬ್ಬಿತ್ತು. ತುದಿಯಲ್ಲಿ ಕೊನೆಯ ಹೂಗಳು, ಕೆಳಗೆ ಒಣಗಿದ ಕಾಯಿಗಳು. ಕಪ್ಪು ಶಾಲು ಹೊದ್ದ ನೋಲ್ಫಾ ಹೊಸ್ತಿಲಲ್ಲೇ ನಿಂತು ಶಿಲುಬೆಯ ಗುರುತು ಮಾಡಿಕೊಂಡಳು. ಕೆಳಗಿಳಿದು ಬರಲಿಲ್ಲ. ಮಿರೆಯಾ ತಲೆ ಎತ್ತಲಿಲ್ಲ. ಆದರೆ ಮೂಗು ಮುಚ್ಚಿಕೊಳ್ಳಲು ಆಗುತ್ತದೆಯೆ? ಅದು ಅಮ್ಮನ ಜಗಲಿಯ ವಾಸನೆ.

*

ನಾಲ್ಕು ಬೇಸಿಗೆಯ ಹಿಂದೆ ಮಿರೆಯಾ ಔಷಧಿ ಅಂಗಡಿಯ ಕೆಲಸ ಮುಗಿಸಿ ಎಂದಿಗಿಂತ ಬೇಗ ಮನೆಗೆ ಬಂದಿದ್ದಳು. ಜಗಲಿಯಲ್ಲಿ ನೋಲ್ಫಾ ಬಗ್ಗಿ ಒಣಗಿದ ಕಾಯಿ ಕೀಳುತ್ತಿದ್ದಳು. ಮಿರೆಯಾ ಅವಳ ಮಣಿಕಟ್ಟು ಹಿಡಿದು, ಮುಷ್ಟಿ ಬಿಚ್ಚಿಸಿ, ಕಾಯಿಗಳನ್ನು ಕಿತ್ತುಕೊಂಡಳು. ಕಳ್ಳಿ ಎಂದು ಅವಳು ಕೂಗಿದ್ದಕ್ಕೆ ಮೇಲಿನಿಂದ ಕೆಳಗಿನವರೆಗೆ ಕಿಟಕಿಗಳು ತೆರೆದುಕೊಂಡವು. ನೋಲ್ಫಾ ಮೆಟ್ಟಿಲಿಳಿದು ಹೋದಳು.

ಆಮೇಲೆ ಸುನಿಲ್ಡಾ ಒಳಗಿನಿಂದ ಬಂದಳು. ಮುಖವೆಲ್ಲ ಬೆವರು.

"ಎಂಥ ಕೆಲಸ ಮಾಡ್ದೆ ಮಿರೆಯಾ. ಅವಳು ಬರ್ತಾಳೆ ಅಂತಾನೇ ಪರದೆ ಎಳ್ಕೊಂಡು ಈ ಸೆಕೇಲಿ ಬೇಯ್ತಾ ಕೂತಿದ್ನಲ್ಲೇ ನಾನು."

"ಬೇಕಿದ್ರೆ ಬಾಯಿಬಿಟ್ಟು ಕೇಳ್ಬಹುದಿತ್ತಲ್ಲ."

"ಕೇಳಿ ಇಸ್ಕೊಂಡಿದ್ದು ಎಲ್ಲಾದ್ರೂ ಹತ್ತುತ್ತಾ?"

ಬೆಟ್ಟದ ಹೆಂಗಸರೆಲ್ಲ ನಂಬಿದ್ದು ಅದನ್ನೇ. ಬೀಜವಾಗಲಿ ಸಸಿಯಾಗಲಿ, ಕೇಳಿ ಪಡೆದರೆ ಕೊಳೆಯುತ್ತದೆ, ಕದ್ದರೆ ಚಿಗುರುತ್ತದೆ. ಕೊಡುವ ಮನಸ್ಸಿದ್ದವರು ಮಾಡಬೇಕಾದ್ದು ಒಂದೇ, ಬೆನ್ನು ತಿರುಗಿಸುವುದು. ಸುನಿಲ್ಡಾಳ ಪ್ಯಾನ್ಸಿ ಆಸ್ಪತ್ರೆಯ ಗೇಟಿನಿಂದ ಬಂದದ್ದು, ಪೆಟೂನಿಯಾ ಪಾದ್ರಿಯ ಅಂಗಳದಿಂದ. ಪಾದ್ರಿಯಂತೂ ಅವಳು ಬಂದ ಕೂಡಲೆ ಜಪದ ಪುಸ್ತಕದಲ್ಲಿ ಮುಖ ಹುದುಗಿಸುತ್ತಿದ್ದನಂತೆ. ಮಿರೆಯಾಳಿಗೆ ಇದೆಲ್ಲ ಅಡುಗೂಲಜ್ಜಿಯ ಕತೆ. ಕೌಂಟರಿನಾಚೆ ನಿಂತು ಚಿಲ್ಲರೆ ಸರಿಯಾಗಿ ಕೊಡುವುದೇ ಅವಳ ಧರ್ಮವಾಗಿತ್ತು. ಮರುದಿನವೇ ಜಗಲಿಯ ಗೇಟಿಗೆ ಬೀಗ ತಂದು ಹಾಕಿದಳು. ನೋಲ್ಫಾ ಮತ್ತೆಂದೂ ಮೆಟ್ಟಿಲೇರಿ ಬರಲಿಲ್ಲ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಕದ್ದದ್ದು ಅವಳ ಗೋಡೆಗೆ ಧಾರಾಳವಾಗಿ ಸಾಕಾಗಿತ್ತು.

ಈ ಅಕ್ಟೋಬರಿನಲ್ಲಿ ಆ ಗೋಡೆ ಹೂ ಬಿಟ್ಟಾಗ ವಾಸನೆ ಗಾಳಿಯ ಜೊತೆ ಮೇಲೆ ಬಂತು. ಸುನಿಲ್ಡಾ ಹಾಸಿಗೆಯಲ್ಲೇ ಕಿಟಕಿಯ ಕಡೆ ಮಗ್ಗುಲಾದಳು. ನಾಲ್ಕು ಬೀಜ ಕೇಳಿಕೊಂಡು ಬರಲೇ ಎಂದು ಮಿರೆಯಾ ವಿಚಾರಿಸಿದಳು. ಹಾಗೆ ಕೇಳಲು ತಾನು ಎಷ್ಟು ಹಲ್ಲು ಕಚ್ಚಿದೆ ಎಂಬುದು ಅವಳಿಗೇ ಗೊತ್ತು.

"ಬೇಡ. ಕೇಳಿದ್ರೆ ಅವಳು ಕೊಟ್ಟೇ ಬಿಡ್ತಾಳೆ. ಅಲ್ಲಿಗೆ ನನ್ನ ಕ್ಲಾರಿನ್ ಕತೆ ಮುಗೀತು," ಎಂದಳು ಅಮ್ಮ. ಆಮೇಲೆ ಕಾಲು ನೀವಿಕೊಳ್ಳುತ್ತ, "ಕಾಲು ಬಂದಿದ್ರೆ ನಾನೇ ಹೋಗಿ ಕದೀತಿದ್ದೆ," ಎಂದಳು.

ಕಾಯಿ ಒಣಗತೊಡಗಿದ ಮೇಲೆ ಮಿರೆಯಾ ಎರಡು ಸಲ ನೋಲ್ಫಾಳ ಗೋಡೆಯವರೆಗೆ ಹೋಗಿ, ಕೈ ಮುಂದೆ ಬಾರದೆ ಹಿಂದೆ ಬಂದಳು. ಅಮ್ಮ ಬರಿದಾದ ತಂತಿಯನ್ನು ನೋಡುತ್ತಲೇ ಕಣ್ಣು ಮುಚ್ಚಿದಳು.

*

ಸ್ಮಶಾನದಿಂದ ಎಲ್ಲರೂ ಒಟ್ಟಿಗೆ ಹಿಂದಿರುಗಿದರು. ಮನೆಯಲ್ಲಿ ಚಹಾ, ಬ್ರೆಡ್ಡು ಕಾದಿತ್ತು. ಮೆಟ್ಟಿಲೇರುತ್ತ ಎಲಾದಿಯೊ ಪಾದ್ರಿಯ ಉದ್ದನೆಯ ಪ್ರಾರ್ಥನೆಯನ್ನು ಆಡಿಕೊಳ್ಳುತ್ತಿದ್ದ. ರೆನಾತೊ ಮಾಮ ಮೊಣಕಾಲನ್ನು ಬೈದುಕೊಳ್ಳುತ್ತಿದ್ದ.

ನೋಲ್ಫಾ ಗೋಡೆಯ ಬುಡದಲ್ಲಿ ಬಕೆಟ್ಟು, ಕತ್ತರಿ ಇಟ್ಟುಕೊಂಡು ನಿಂತಿದ್ದಳು. ಪಕ್ಕದಲ್ಲಿ ಪೆಟೂನಿಯಾ ಸಸಿಗಳು. ಬಳ್ಳಿ ಕೀಳುವ ಕಾಲ ಬಂದಿತ್ತು. ಈ ಬಿಸಿಲಿಗೆ ಕಾಯಿಗಳು ಒಂದೊಂದಾಗಿ ಸಿಡಿಯತೊಡಗಿದ್ದವು. ಇವತ್ತು ಬಿಟ್ಟರೆ ಇಲ್ಲ ಎಂದು ಮಿರೆಯಾಳಿಗೆ ಅರ್ಥವಾಯಿತು. ಅವಳು ನಿಂತಳು. ಹಿಂದೆ ಬರುತ್ತಿದ್ದವರೂ ನಿಂತರು. ಅವತ್ತು ಕಿಟಕಿ ತೆರೆದು ನೋಡಿದವರೆಲ್ಲ ಅಲ್ಲಿದ್ದರು.

"ದೋನ್ಯಾ ನೋಲ್ಫಾ," ಎಂದಳು ಮಿರೆಯಾ, ಹಿರಿಯರನ್ನು ಕರೆಯುವ ಗೌರವದಲ್ಲಿ. "ಅವತ್ತು ನಾನು ಆಡಬಾರದ್ದು ಆಡಿದೆ. ಈಗ ನಿಮ್ಮನ್ನ ಒಂದು..."

"ಬಾಯಿ ಮುಚ್ಚು ಮಗಳೆ," ಎಂದಳು ನೋಲ್ಫಾ ಥಟ್ಟನೆ. "ಏನೂ ಕೇಳಬೇಡ ನನ್ನ."

ಮಿರೆಯಾಳ ಕಣ್ಣು ತುಂಬಿ ಬಂತು. ತನ್ನನ್ನು ಅಟ್ಟುತ್ತಿದ್ದಾಳೆ ಎಂದುಕೊಂಡಳು. ನೋಲ್ಫಾ ಕತ್ತರಿಯನ್ನು ಬಕೆಟ್ಟಿಗೆ ಹಾಕಿ ಕೈ ಒರೆಸಿಕೊಂಡಳು.

"ಒಲೆ ಮೇಲೆ ನೀರಿಟ್ಟು ಬಂದಿದೀನಿ. ಈ ಹಾಳು ಒಲೆ, ನಾನು ಎದುರಿಗೆ ನಿಲ್ಲದೆ ಕುದಿಯೋದೇ ಇಲ್ಲ," ಎಂದು ಒಳಗೆ ಹೋದಳು. ಅವಳ ಚಿಮಣಿಯಲ್ಲಿ ಹೊಗೆಯಿರಲಿಲ್ಲ. ಒಳಗಿನಿಂದ ಪಾತ್ರೆಗಳ ಸದ್ದು ಕೇಳತೊಡಗಿತು, ಏನನ್ನೂ ಕೇಳಿಸಿಕೊಳ್ಳಲಾರೆ ಎನ್ನುವಷ್ಟು ಜೋರಾಗಿ.

ಮಿರೆಯಾ ಗೋಡೆಯೆದುರು ಒಬ್ಬಳೇ ಉಳಿದಳು. ಕೈ ಮೇಲೇಳಲಿಲ್ಲ. ಇಷ್ಟು ಜನರೆದುರಿಗೆ, ಹಗಲಲ್ಲಿ, ಅಮ್ಮನನ್ನು ಮಣ್ಣು ಮಾಡಿದ ದಿನ. ಅವಳ ಕಿವಿಗಳು ಕೆಂಪಾದವು.

ರೆನಾತೊ ಮಾಮ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಅಲ್ಲೊಂದು ಹಡಗು ಬರೋ ಹಾಗಿದೆಯಲ್ಲ," ಎಂದು ಕಡಲಿನತ್ತ ತಿರುಗಿದ. ಕಡಲಿನಲ್ಲಿ ಒಂದು ದೋಣಿಯೂ ಇರಲಿಲ್ಲ. ಎಲಾದಿಯೊ ತಿರುಗಿದ. ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ ತಿರುಗಿದರು. ಕೊನೆಗೆ ಮೆಟ್ಟಿಲುದ್ದಕ್ಕೂ ಬರೀ ಕಪ್ಪು ಬೆನ್ನುಗಳೇ ಕಾಣುತ್ತಿದ್ದವು.

ಮಿರೆಯಾ ಬಿಕ್ಕುತ್ತ ಎರಡೂ ಕೈಗಳಿಂದ ಕಾಯಿ ಕಿತ್ತಳು. ಮುಷ್ಟಿಯೊಳಗೇ ಕೆಲವು ಸಿಡಿದವು. ಬೀಜಗಳು ಬೆರಳ ಸಂದಿನಿಂದ ಜಾರಿ, ಟಿಕ್ ಟಿಕ್ ಎಂದು ಮೆಟ್ಟಿಲಿಂದ ಮೆಟ್ಟಿಲಿಗೆ ಹಾರಿ, ಜನರ ಕಾಲುಗಳ ನಡುವೆ ಉರುಳಿದವು. ಯಾರೂ ಕೆಳಗೆ ನೋಡಲಿಲ್ಲ. ಒಂದು ಬೀಜ ಎಲಾದಿಯೊನ ಷೂಗೆ ತಗುಲಿ ನಿಂತಿತು. ಅವನು ಕಣ್ಣನ್ನು ಕಡಲ ಮೇಲೇ ಇಟ್ಟು, ಕಾಲನ್ನು ಮಾತ್ರ ಮೆಲ್ಲಗೆ ಪಕ್ಕಕ್ಕೆ ಸರಿಸಿದ.