ಹೊದಿಕೆಯಡಿಯ ಅನ್ನಕ್ಕೆ ಒಂದೇ ಉತ್ತರ

ಹೆಜ್ಜೆ, ಕಾರಿಡಾರಿನಲ್ಲಿ ಮತ್ತೆ ಹೆಜ್ಜೆ, ನಿಲ್ಲಲಿಲ್ಲ, ಪಕ್ಕದ ಕೋಣೆಗೆ ಹೋಯಿತು, ಸದ್ಯ, ಉಪ್ಪಿನ ಮೂಲಂಗಿಯ ವಾಸನೆ, ಊಟ ತರುವವಳು ಅಷ್ಟೇ — ಪೊಲೀಸ್ ಕಾವಲಿನ ಹ್ಯೊನ್ ಅಲ್ಲ, ಅವನು ಬಾಗಿಲು ತಟ್ಟುವುದು ಒಂದೇ ಕಾರಣಕ್ಕೆ, ಹೆತ್ತವರು ಸತ್ತರೆ. ಕಾಲೇಜು ಪ್ರವೇಶ ಪರೀಕ್ಷೆ ಮುಗಿಯುವವರೆಗೆ ಪ್ರಶ್ನೆಪತ್ರಿಕೆ ಸಿದ್ಧಮಾಡುವ ನಾವೆಲ್ಲ ಈ ಹೋಟೆಲಿನೊಳಗೇ ಬಂದಿ, ಫೋನಿಲ್ಲ, ಕಿಟಕಿಗೆ ಕಾಗದ, ತಿಂದು ಬಿಟ್ಟ ಎಲುಬನ್ನೂ ಕೆದಕಿ ನೋಡಿಯೇ ಕಸಕ್ಕೆ ಕಳಿಸುತ್ತಾರೆ, ಮತ್ತು ಅಮ್ಮ ಬುಸಾನಿನ ಆಸ್ಪತ್ರೆಯಲ್ಲಿ, ಹೃದಯ ದಣಿದಿದೆ, ಒಂದು ತಿಂಗಳು ಹೇಗೋ ತಡೆದೀತು ಎಂದರು ಡಾಕ್ಟರು, ತಡೆಯಲಿ, ದೇವರೇ, ತಡೆಯಲಿ — ಮೇಜಿನ ಮೇಲೆ ಅದೇ ಪ್ರಶ್ನೆ, ಹೆಸರಿಲ್ಲದ ಹೆಂಗಸೊಬ್ಬಳ ಹಳೆಯ ಹಾಡು, ಅಡಿಯಿಂದ ಕಾಯಿಸಿದ ಬೆಚ್ಚನೆಯ ನೆಲದ ಮೇಲೆ ಆರದಿರಲೆಂದು ಹೊದಿಕೆಯಡಿ ಮುಚ್ಚಿಟ್ಟ ಒಂದು ಬಟ್ಟಲು ಅನ್ನ, ಇನ್ನೂ ಬಾರದವನಿಗೆ. ಬಟ್ಟಲಿನ ಅನ್ನ ಯಾವುದರ ಸಂಕೇತ, ಐದರಲ್ಲಿ ಒಂದನ್ನು ಆರಿಸಿ. ರಾಜನಿಷ್ಠೆ ಮೇಡಂ, ಹಳೇ ಕಾವ್ಯದಲ್ಲಿ ನಲ್ಲ ಅಂದ್ರೆ ರಾಜ, ಮಕ್ಕಳು ನಿದ್ದೆಗಣ್ಣಲ್ಲೂ ಹೇಳ್ತಾರೆ, ಎನ್ನುತ್ತಾರೆ ನಮ್ಮ ತಂಡದ ಹಿರಿಯರು ತಾಕ್ ಸರ್. ಗಡೀಪಾರಾದ ಮಂತ್ರಿ ಬರೆದಿದ್ರೆ ರಾಜ ಸರಿ ಸರ್, ಅಡುಗೆಮನೆ ಹೆಂಗಸಿಗೆ ರಾಜ ಯಾಕೆ? ಹೆಂಗಸೇ ಅಂತ ಯಾರು ಕಂಡ್ರು ಮೇಡಂ, ಗಂಡಸರೂ ಹೆಣ್ಣಿನ ದನೀಲಿ ಬರೀತಿದ್ರು. ಬರೆಯುತ್ತಿದ್ದರು, ಒಪ್ಪಿದೆ, ಆದರೆ ಮುಚ್ಚಳದ ಒಳಗಿನ ಹಬೆಯನ್ನು ಲಂಗದ ಅಂಚಿನಲ್ಲಿ ಒರೆಸುವ ಸಾಲು ಯಾವ ಮಂತ್ರಿಗೆ ಹೊಳೆದೀತು, ಇಡೀ ಹಾಡಿನಲ್ಲಿ ಒಂದೂ ದರ್ಬಾರಿನ ಪದವಿಲ್ಲ, ಎಲ್ಲ ಒಲೆಮುಂದಿನ ಮಾತು. ಎರಡು ಉತ್ತರ ಅಂತಾದ್ರೆ ಊರೆಲ್ಲ ಸೇರಿ ನಮ್ಮನ್ನ ಹುರಿದು ಮುಕ್ಕುತ್ತೆ, ಒಂದೇ ಉತ್ತರ ಮೇಡಂ, ಒಂದೇ. ನಾನೇನು ಕಡಿಮೆಯೇ, ಪಿಎಚ್‌ಡಿಯಲ್ಲಿ ಇದೇ ಬಟ್ಟಲನ್ನು ವಿರಹ ಎಂದು ಪುಟಗಟ್ಟಲೆ ಎಳೆದವಳು, ಅಮ್ಮನೂ ಹೀಗೇ ಅನ್ನ ಮುಚ್ಚಿಡುತ್ತಿದ್ದಳಲ್ಲ, ಹಡಗು ಹತ್ತಿ ತಿರುಗಿ ಬಾರದ ಅಪ್ಪನಿಗೆ, ಎಂದು ಓದಿ ಹೇಳಿದರೆ ಅಮ್ಮ ಬಿದ್ದು ಬಿದ್ದು ನಕ್ಕಳು, ಅಯ್ಯೋ ಹುಚ್ಚುಮುಂಡೇದೆ, ಆ ಮನೆಹಾಳನಿಗೆ ಅನ್ನ ಬೇರೆ ಕೇಡು, ಸ್ಕೂಲಿಂದ ರಾತ್ರಿ ಬಂದು ತಣ್ಣಗಿರೋ ಅನ್ನ ಅಂತ ನೀನು ಮೂತಿ ತಿರುಗಿಸ್ತಿದ್ಯಲ್ಲ, ಅದಕ್ಕೆ ಕಣೆ. ನನಗೆ. ಅಷ್ಟು ವರ್ಷ ಉಂಡವಳು ನಾನು, ಬರೆದದ್ದು ಅಪ್ಪನ ಮೇಲೆ, ನಾಚಿಕೆಯಾಗುತ್ತದೆ.

ಇಲ್ಲಿಗೆ ಬರುವ ಮುನ್ನ ಆಸ್ಪತ್ರೆಗೆ ಹೋಗಿ, ಕೆಲಸದ ಮೇಲೆ ಜಪಾನಿಗೆ ಹೋಗ್ತಿದ್ದೀನಮ್ಮ ಎಂದೆ, ಅದೇ ಹೇಳಬೇಕೆಂದು ಪರೀಕ್ಷೆಯವರ ಅಪ್ಪಣೆ, ಹೋಗಿ ಬಾ, ಹೊಟ್ಟೆ ನೋಡ್ಕೋ ಎಂದಳು, ಬಲಪಾದ ಹೊದಿಕೆಯಾಚೆ ಬಂದಿತ್ತು, ಮುಚ್ಚಿದೆ, ಮತ್ತೆ ಆಚೆ, ಸೆಖೆ ಕಣೆ ಬಿಡು ಅಂದಳು, ಮುಟ್ಟಿದರೆ ನೀರಿನಲ್ಲಿಟ್ಟ ಹಾಗೆ ತಣ್ಣಗಿತ್ತು — ಹೆಜ್ಜೆ, ಈ ಸಲ ಬೂಟು, ಮುಂದೆ ಹೋಗಪ್ಪ, ಮುಂದೆ, ಬೇರೆಯವರ ಬಾಗಿಲು ಇದೆಯಲ್ಲ, ಛೆ, ಎಂಥ ಪಾಪಿ ನಾನು, ನನ್ನ ತಾಯಿಯ ಬದಲು ಯಾರ ತಾಯಿಯನ್ನು ಕೊಡಲಿ — ತಟ್ಟಿದ. ಮೇಡಂ, ಕೋಟ್ ಹಾಕ್ಕೊಳ್ಳಿ, ಕಾರು ಕೆಳಗಿದೆ, ಬೆಳಗಾಗೋದ್ರೊಳಗೆ ವಾಪಸ್ ಬರ್ಬೇಕು, ನಾನು ಜೊತೇಲೇ ಇರ್ತೀನಿ. ಯಾವಾಗ? ಮಧ್ಯಾಹ್ನ ಮೇಡಂ. ಮಧ್ಯಾಹ್ನ ನಾನು ಏನು ಮಾಡುತ್ತಿದ್ದೆ, ನಾಲ್ಕನೆಯ ಆಯ್ಕೆಯ ಬಗ್ಗೆ ಜಗಳ, ಕೋಟಿನ ತೋಳು ಎಲ್ಲಿ, ತಾಕ್ ಸರ್ ಬರಿಗಾಲಲ್ಲೇ ಓಡಿಬಂದು ನಿಂತರು, ಮೇಡಂ, ಆ ಪ್ರಶ್ನೆ ತೆಗೆದುಬಿಡ್ತೀನಿ, ಬೇಡವೇ ಬೇಡ ಅದು. ಬೇಡ ಸರ್, ಇರ್ಲಿ ಬಿಡಿ, ರಾಜ ಅಂತಾನೇ ಇರ್ಲಿ, ಎಂದೆನೋ, ಎನ್ನಲಿಲ್ಲವೋ, ಲಿಫ್ಟು, ಹ್ಯೊನ್ ಗುಂಡಿ ಒತ್ತಿದ, ನರ್ಸ್ ಮುಚ್ಚಿರುತ್ತಾಳೆ, ಯಾರಾದರೂ ಮುಚ್ಚಿರುತ್ತಾರೆ, ಮಧ್ಯಾಹ್ನ ಯಾರಿದ್ದರು ಹತ್ತಿರ, ಮುಚ್ಚಿದರೂ ಆಚೆ ಬರುವ ಪಾದ, ಆ ಬಲಪಾದ, ಹೊದಿಕೆಯಾಚೆ, ಪಾದ —